ಪ್ರಸಿದ್ಧರ ವ್ಯಸನವೂ ವಾಚಕರ ಕುತೂಹಲವೂ: ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಒಂದು ಪ್ರಕರಣ

1821ನೆಯ ಇಸವಿಯ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ 'ಲಂಡನ್ ಮ್ಯಾಗಜಿನ್' ಎಂಬ ಮಾಸಪತ್ರಿಕೆಯು ಕರ್ತೃವಿನ ಹೆಸರಿಲ್ಲದ ಒಂದು ಆತ್ಮವೃತ್ತಾಂತವನ್ನು ಎರಡು ಭಾಗಗಳಲ್ಲಿ ಪ್ರಕಟಿಸಿತು. ಅದರ ಶೀರ್ಷಿಕೆಯನ್ನು 'ಇಂಗ್ಲಿಷ್ ಅಫೀಮುಭಕ್ಷಕನೊಬ್ಬನ ತಪ್ಪೊಪ್ಪಿಗೆಗಳು' ಎಂದು ಕನ್ನಡಿಸಬಹುದು. ಬರೆದವನು ಥಾಮಸ್ ಡಿ ಕ್ವಿನ್ಸಿ. ಆಗ ಅವನಿಗೆ ಮೂವತ್ತಾರು ವರ್ಷ. ಸಾಲದಲ್ಲಿ ಮುಳುಗಿ, ಲೇಖನಿಯಿಂದ ಜೀವನ ಸಾಗಿಸಲು ಹೊರಟಿದ್ದ ಈತನ ಹೆಸರನ್ನು ಸ್ನೇಹಿತರ ವಲಯದ ಹೊರಗೆ ಬಲ್ಲವರು ವಿರಳವಾಗಿದ್ದರು. ಮರುವರ್ಷ ಆ ಬರಹವು ಪುಸ್ತಕರೂಪದಲ್ಲಿ ಹೊರಬಂದಿತು. ಅಂದಿನಿಂದ ಸಾಯುವವರೆಗೆ, ಎಂದರೆ 1859ರವರೆಗೆ, ಡಿ ಕ್ವಿನ್ಸಿಯು ಅರ್ಥಶಾಸ್ತ್ರ, ಜರ್ಮನ್ ತತ್ತ್ವಚಿಂತನೆ, ರೋಮಿನ ಚರಿತ್ರೆ ಮೊದಲಾಗಿ ಯಾವ ವಿಷಯವನ್ನು ಕುರಿತು ಬರೆದರೂ ಜನರ ಪಾಲಿಗೆ 'ಅಫೀಮುಭಕ್ಷಕ'ನಾಗಿಯೇ ಉಳಿದನು. ಆ ಬಿರುದನ್ನು ಅವನೇ ಸಹಿಯಂತೆ ಬಳಸಿದ್ದೂ ಉಂಟು.

ಈ ಕೃತಿಯ ಗದ್ಯವೈಭವವನ್ನು ಕುರಿತು ಸಾಹಿತ್ಯಚರಿತ್ರಕಾರರು ಬೇಕಾದಷ್ಟು ಬರೆದಿದ್ದಾರೆ. ನಾವು ಇಲ್ಲಿ ನೋಡಹೊರಟಿರುವುದು ಬರೆದವನನ್ನಲ್ಲ, ಓದಿದವರನ್ನು. ಖ್ಯಾತಿವಂತನೊಬ್ಬನು ವ್ಯಸನಕ್ಕೆ ತುತ್ತಾದನೆಂಬ ಸುದ್ದಿಯನ್ನು ಸಮಾಜವು ಅಷ್ಟೊಂದು ಆಸೆಯಿಂದ ಏಕೆ ಆಲಿಸುತ್ತದೆ? ಡಿ ಕ್ವಿನ್ಸಿಯ ವಿಷಯದಲ್ಲಾದರೋ ವ್ಯಸನವೇ ಖ್ಯಾತಿಯನ್ನು ತಂದುಕೊಟ್ಟಿತು. ಆದಕಾರಣ ಈ ಪ್ರಶ್ನೆಯನ್ನು ಪರಿಶೀಲಿಸಲು ಇದಕ್ಕಿಂತ ಒಳ್ಳೆಯ ಪ್ರಕರಣ ನಮಗೆ ತೋರಲಿಲ್ಲ.

ಸಂಗತಿಗಳು ಸರಳವಾಗಿವೆ. 1804ರಲ್ಲಿ ತಲೆಯ ನೋವನ್ನು ತಾಳಲಾರದೆ ಡಿ ಕ್ವಿನ್ಸಿಯು ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯ ಔಷಧದಂಗಡಿಯೊಂದರಲ್ಲಿ ಅಫೀಮನ್ನು ಕೊಂಡನು. ಮುಂದೆ ಹಲವು ವರ್ಷ ಅದನ್ನು ಆಗೊಮ್ಮೆ ಈಗೊಮ್ಮೆ ಸುಖಕ್ಕಾಗಿ ಸೇವಿಸಿ, 1813ರಿಂದ ಪ್ರತಿದಿನ ಸೇವಿಸತೊಡಗಿದನು. ಅವನೇ ಕೊಟ್ಟ ಲೆಕ್ಕದಂತೆ ಅತಿ ಹೆಚ್ಚಿನ ಪ್ರಮಾಣವು ದಿನಕ್ಕೆ 8,000 ತೊಟ್ಟು ಲಾಡನಂ, ಎಂದರೆ ಮದ್ಯಸಾರದಲ್ಲಿ ಕರಗಿಸಿದ ಅಫೀಮು. ಮೊದಲ ಭಾಗದಲ್ಲಿ ಬಾಲ್ಯ, ಮನೆಬಿಟ್ಟು ಓಡಿದ್ದು, ಲಂಡನ್ನಿನ ಹಸಿವು. ಎರಡನೆಯದರಲ್ಲಿ ಅಫೀಮಿನ ಸುಖ, ಆಮೇಲೆ ಅದರ ಸಂಕಟ, ಕನಸುಗಳು. ವಾಚಕರನ್ನು ಹಿಡಿದು ನಿಲ್ಲಿಸಿದ್ದು ಆ ಕನಸುಗಳು. ಅಂತ್ಯವಿಲ್ಲದ ಕಟ್ಟಡಗಳು, ಮುಖಗಳ ಸಮುದ್ರ, ಭಯಾನಕವಾಗಿ ಚಿತ್ರಿತವಾದ ಏಷ್ಯಾ. ನಮ್ಮ ದೇಶದ ದೇವತೆಗಳೂ ಆ ಭಯದ ಮೆರವಣಿಗೆಯಲ್ಲಿ ಬರುತ್ತಾರೆಂಬುದನ್ನು ಹಾದಿಯಲ್ಲಿ ಹೇಳಿ ಮುಂದುವರಿಯುತ್ತೇವೆ. 1828ರಲ್ಲಿ ಆಲ್ಫ್ರೆಡ್ ಡಿ ಮ್ಯೂಸೆ ಅದನ್ನು ಫ್ರೆಂಚಿಗೆ ಸ್ವತಂತ್ರವಾಗಿ ಅನುವಾದಿಸಿದನು. 1860ರಲ್ಲಿ ಬೋದಿಲೇರನು ತನ್ನ ಗ್ರಂಥವೊಂದರ ಅರ್ಧಭಾಗವನ್ನು ಅದರ ವಿವರಣೆಗೇ ಮೀಸಲಿಟ್ಟನು.

ವಾಚಕರಿಗೆ ಇನ್ನೊಂದು ಕುತೂಹಲವಿತ್ತು. ಈತನು ಅಫೀಮನ್ನು ನಿಜವಾಗಿ ಬಿಟ್ಟನೇ? ಕಥೆಯ ಕೊನೆಯು ಬಿಟ್ಟನೆಂಬ ಭಾವನೆಯನ್ನು ಉಂಟುಮಾಡುವಂತಿತ್ತು. ಆದರೆ 1822ರ ಡಿಸೆಂಬರ್ ಸಂಚಿಕೆಯ ಅನುಬಂಧದಲ್ಲಿ, ಪೂರ್ಣವಾಗಿ ಬಿಟ್ಟಿಲ್ಲವೆಂದು ಡಿ ಕ್ವಿನ್ಸಿಯು ಒಪ್ಪಿಕೊಂಡು, ಯಾವ ದಿನ ಎಷ್ಟು ತೊಟ್ಟು ಎಂಬ ಪಟ್ಟಿಯನ್ನೇ ಅಚ್ಚುಮಾಡಿಸಿದನು. ಅಂಗಡಿಯವನ ಲೆಕ್ಕದ ಪುಸ್ತಕದಂತಿರುವ ಈ ಪಟ್ಟಿಯು ಸಾಹಿತ್ಯಪತ್ರಿಕೆಯ ಪುಟವನ್ನು ಸೇರಿತೆಂಬುದು ಗಮನಾರ್ಹ. ವ್ಯಸನಿಯ ದಿನಚರಿಯು ಸಾರ್ವಜನಿಕರ ಸೊತ್ತಾಗಿತ್ತು. ಅದನ್ನು ಅವರಿಗೆ ಒಪ್ಪಿಸುವ ಹೊಣೆ ತನ್ನದೆಂದು ವ್ಯಸನಿಯೂ ನಂಬಿದ್ದನು.

ಈಗ ಅದೇ ಪುಸ್ತಕದ ಮುನ್ನುಡಿಗೆ ಬರೋಣ. ತನ್ನಂತಹವರು ಹಲವರುಂಟೆಂದು ತೋರಿಸಲು ಲೇಖಕನು ಮೊದಲು ಕೆಲವು ಗಣ್ಯರನ್ನು ಹೆಸರಿನ ಸ್ಥಾನದಲ್ಲಿ ಗೆರೆ ಎಳೆದು ಸೂಚಿಸುತ್ತಾನೆ. ಗೆರೆಗಳ ಹಿಂದೆ ಇದ್ದವರು ಯಾರೆಂದು ಊಹಿಸುವುದು ಓದುಗರಿಗೆ ಒಂದು ವಿನೋದವಾಗಿದ್ದಿರಬೇಕು. ಗುಲಾಮಗಿರಿಯ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸನೂ ಅವರಲ್ಲಿ ಒಬ್ಬನೆಂಬುದು ಮುಂದೆ ಪ್ರಕಟವಾಯಿತು. ಇದಾದ ಮೇಲೆ ಡಿ ಕ್ವಿನ್ಸಿಯು ಮ್ಯಾಂಚೆಸ್ಟರಿನ ವಿಷಯವನ್ನು ಎತ್ತುತ್ತಾನೆ. ಅವನು ಹುಟ್ಟಿದ ಊರು ಅದು. ಅಲ್ಲಿನ ಹತ್ತಿ ಗಿರಣಿಗಳ ಮಾಲೀಕರು ತನಗೆ ತಿಳಿಸಿದರೆಂದು ಅವನು ಬರೆಯುವುದರ ತಾತ್ಪರ್ಯವಿಷ್ಟು: ಕೆಲಸಗಾರರಲ್ಲಿ ಅಫೀಮಿನ ಅಭ್ಯಾಸವು ತೀವ್ರವಾಗಿ ಹಬ್ಬುತ್ತಿದೆ, ಶನಿವಾರ ಮಧ್ಯಾಹ್ನವಾಯಿತೆಂದರೆ ಸಂಜೆಯ ಬೇಡಿಕೆಗೆಂದು ಔಷಧದಂಗಡಿಗಳ ಕಟ್ಟೆಯ ಮೇಲೆ ಒಂದು, ಎರಡು, ಮೂರು ಗ್ರೇನ್ ತೂಕದ ಗುಳಿಗೆಗಳನ್ನು ಹರಡಿಟ್ಟಿರುತ್ತಾರೆ, ಇದಕ್ಕೆ ಕಾರಣ ಕೂಲಿ ಕಡಿಮೆಯಾದದ್ದು, ಆ ಕೂಲಿಯಲ್ಲಿ ಮದ್ಯ ಕೊಳ್ಳಲು ಸಾಧ್ಯವಿಲ್ಲ. ಆ ಪುಸ್ತಕವು ತೆರೆದುಕೊಳ್ಳುವ ಬಾಗಿಲಲ್ಲೇ ಈ ಮಾತುಗಳಿವೆ. ನೂರಾರು ಸಾವಿರ ಕೈಗಳು ಪುಟವನ್ನು ಮಗುಚಿ ಕನಸುಗಳ ಕಡೆಗೆ ಸಾಗಿದವು.

ಲೇಖಕನೂ ಸಾಗಿದನು. ಪುಸ್ತಕದ ಮಧ್ಯದಲ್ಲಿ ಮತ್ತೊಂದು ಶನಿವಾರ ಬರುತ್ತದೆ. ಅಫೀಮು ಸೇವಿಸಿದ ಡಿ ಕ್ವಿನ್ಸಿಯು ಶನಿವಾರದ ರಾತ್ರಿ ಲಂಡನ್ನಿನ ಸಂತೆಗಳಲ್ಲಿ ಅಲೆದು, ವಾರದ ಕೂಲಿ ಪಡೆದ ಬಡಕುಟುಂಬಗಳು ಬೆಲೆ ವಿಚಾರಿಸುವುದನ್ನೂ ಸಾಮಾನು ಕೊಳ್ಳುವುದನ್ನೂ ನೋಡಿ, ಅವರ ಸಂತೋಷದಲ್ಲಿ ತಾನೂ ಭಾಗಿಯಾಗುತ್ತಾನೆ. ಆ ಸಹಾನುಭೂತಿಯನ್ನು ನಾವು ಸಂದೇಹಿಸುವುದಿಲ್ಲ. ಆದರೆ ಅದೇ ವರ್ಗದ ಜನ ಅದೇ ವಾರದ ಅದೇ ದಿನ ಇನ್ನೊಂದು ಊರಿನಲ್ಲಿ ಕೂಲಿಯ ಹಣದಿಂದ ಏನನ್ನು ಕೊಳ್ಳುತ್ತಿದ್ದರೆಂಬುದನ್ನು ಮುನ್ನುಡಿಯಲ್ಲಿ ಹೇಳಿದವನು ಸಂತೆಯ ವರ್ಣನೆಯಲ್ಲಿ ಅದನ್ನು ನೆನೆಯುವುದಿಲ್ಲ. ಅಫೀಮು ಅವನ ಕಥೆಯಲ್ಲಿ ಅವನೊಬ್ಬನದೇ ಆಗಿಬಿಟ್ಟಿದೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ಪರಿಹರಿಸಬೇಕು. ಅಂದಿನ ಇಂಗ್ಲೆಂಡಿನಲ್ಲಿ ಅಫೀಮು ನಿಷಿದ್ಧ ವಸ್ತುವಾಗಿರಲಿಲ್ಲ. ವರ್ಜೀನಿಯಾ ಬೆರಿಜ್ ಮತ್ತು ಗ್ರಿಫಿತ್ ಎಡ್ವರ್ಡ್ಸ್ ಅವರು 1981ರ ತಮ್ಮ ಗ್ರಂಥದಲ್ಲಿ ವಿಶದಪಡಿಸಿರುವಂತೆ, ಅದು ಎಲ್ಲ ವರ್ಗದವರ ಮನೆಮದ್ದಾಗಿತ್ತು. ಬಹುಪಾಲು ತುರ್ಕಿಯಿಂದ ಬರುತ್ತಿದ್ದ ಆ ಸರಕನ್ನು ಔಷಧದ ಅಂಗಡಿಯವನಷ್ಟೇ ಅಲ್ಲ, ದಿನಸಿ ಅಂಗಡಿಯವನೂ ಮಾರಬಹುದಾಗಿತ್ತು. ಕೇಂಬ್ರಿಜ್ ಮತ್ತು ಲಿಂಕನ್ ಪ್ರಾಂತಗಳ ಜೌಗುನೆಲದ ರೈತರು ಚಳಿಜ್ವರಕ್ಕೂ ಕೀಲುನೋವಿಗೂ ಅದನ್ನೇ ನೆಚ್ಚಿದ್ದರು. ಗಿರಣಿಗೆ ಹೋಗುವ ತಾಯಂದಿರ ಕೂಸುಗಳನ್ನು ಮಲಗಿಸಲು 'ಗಾಡ್‌ಫ್ರೀಸ್ ಕಾರ್ಡಿಯಲ್' ಎಂಬ ಅಫೀಮು ಬೆರೆತ ಸಿಹಿಪಾಕವಿತ್ತು. ಹೀಗಿರುವಾಗ, ಎಲ್ಲರೂ ಬಳಸುತ್ತಿದ್ದ ವಸ್ತುವಿಗೆ ನಮ್ಮ ಕಾಲದ ವ್ಯಸನದ ಕಲ್ಪನೆಯನ್ನು ಹೊರಿಸುವುದು ಸರಿಯೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಆದರೆ ಅದರಿಂದ ನಮ್ಮ ಸಮಸ್ಯೆ ಬಿಗಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ತನ್ನ ಮನೆಯ ಗೂಡಿನಲ್ಲಿಯೇ ಇದ್ದ ಸೀಸೆಯನ್ನು ಕುರಿತು ಓದಿ ವಾಚಕನು ಬೆರಗಾದದ್ದು ಹೇಗೆ? ಪರರ ಪುಸ್ತಕದಲ್ಲಿ ಆ ಸೀಸೆಗೆ ಪ್ರತಿಭೆ, ಪತನ, ಪ್ರಾಯಶ್ಚಿತ್ತಗಳೆಂಬ ಅಂಕಗಳುಳ್ಳ ಒಂದು ನಾಟಕ ಅಂಟಿಕೊಂಡಿತ್ತು. ಮನೆಯ ಸೀಸೆ ಬರಿಯ ಸೀಸೆ. ಪ್ರಸಿದ್ಧನ ಸೀಸೆಯನ್ನು ನೋಡುತ್ತಿರುವವರೆಗೆ ತನ್ನದನ್ನು ಎಣಿಸುವ ಅಗತ್ಯ ಬೀಳಲಿಲ್ಲ.

ಕೋಲ್‌ರಿಜ್ ಕವಿಯ ಪ್ರಸಂಗದಲ್ಲಿ ಈ ಕುತೂಹಲವು ಇನ್ನೊಂದು ರೂಪವನ್ನು ತಾಳಿತು. 1816ರಲ್ಲಿ 'ಕುಬ್ಲಾ ಖಾನ್' ಕವಿತೆಯನ್ನು ಪ್ರಕಟಿಸಿದಾಗ, ನೋವುಶಾಮಕವೊಂದನ್ನು ಸೇವಿಸಿ ನಿದ್ರಿಸಿದಾಗ ಅದು ತನಗೆ ದೊರಕಿತೆಂದು ಕವಿ ಮುನ್ನುಡಿಯಲ್ಲಿ ಹೇಳಿದ್ದನು. ಅಫೀಮಿನ ಹೆಸರನ್ನು ಎತ್ತಿರಲಿಲ್ಲ. ಅದೇ ವರ್ಷ ಹೈಗೇಟಿನ ವೈದ್ಯ ಜೇಮ್ಸ್ ಗಿಲ್ಮನ್ನನ ಮನೆಗೆ, ಅಭ್ಯಾಸವನ್ನು ಹತೋಟಿಯಲ್ಲಿಟ್ಟುಕೊಳ್ಳಲೆಂದು ಹೋಗಿ, 1834ರ ಜುಲೈ 25ರಂದು ಅಲ್ಲಿಯೇ ತೀರಿಕೊಂಡನು. ಸೆಪ್ಟೆಂಬರಿನಲ್ಲಿಯೇ 'ಟೇಟ್ಸ್ ಎಡಿನ್‌ಬರೋ ಮ್ಯಾಗಜಿನ್'ನಲ್ಲಿ ಅವನನ್ನು ಕುರಿತ ಲೇಖನಮಾಲೆ ಆರಂಭವಾಯಿತು. ಅಫೀಮು, ಕೃತಿಚೌರ್ಯ, ಸಂಸಾರದ ವಿರಸ ಎಲ್ಲವೂ ಅದರಲ್ಲಿದ್ದವು. ಬರೆದವನು ಬೇರೆ ಯಾರೂ ಅಲ್ಲ, ಡಿ ಕ್ವಿನ್ಸಿ. 1837ರಲ್ಲಿ ಬ್ರಿಸ್ಟಲಿನ ಪುಸ್ತಕ ವ್ಯಾಪಾರಿ ಜೋಸೆಫ್ ಕಾಟಲ್, ಕವಿಯ ಕಷ್ಟದಿನಗಳಲ್ಲಿ ನೆರವಾಗಿದ್ದವನು, 1814ರ ಖಾಸಗಿ ಪತ್ರಗಳನ್ನೇ ಅಚ್ಚುಮಾಡಿಬಿಟ್ಟನು. ಕವಿಯ ಬಂಧುಗಳು ಕೆರಳಿದರು. ಮರುವರ್ಷ ಗಿಲ್ಮನ್ನನ ಜೀವನಚರಿತ್ರೆಯ ಮೊದಲ ಸಂಪುಟ ಹೊರಬಂದಿತು. ಕೋಲ್‌ರಿಜ್ ನೋವಿಗಾಗಿ ಸೇವಿಸಿದನು, ಡಿ ಕ್ವಿನ್ಸಿ ಸುಖಕ್ಕಾಗಿ ಸೇವಿಸಿದನು ಎಂಬ ಭೇದವನ್ನು ಅದು ಲೋಕದ ಮುಂದಿಟ್ಟಿತು. 1845ರ ಜನವರಿಯಲ್ಲಿ ಡಿ ಕ್ವಿನ್ಸಿಯು 'ಬ್ಲ್ಯಾಕ್‌ವುಡ್ಸ್' ಪತ್ರಿಕೆಯಲ್ಲಿ ಪ್ರತ್ಯುತ್ತರ ಕೊಟ್ಟನು. ಸತ್ತವನ ಪರವಾಗಿ ಒಬ್ಬ, ತನ್ನ ಪರವಾಗಿ ಇನ್ನೊಬ್ಬ, ನಡುವೆ ತೀರ್ಪು ಹೇಳಲು ಪತ್ರಿಕೆಯ ಚಂದಾದಾರರು! ಯಾರ ವ್ಯಸನ ಹೆಚ್ಚು ಕ್ಷಮ್ಯ ಎಂಬ ಈ ವ್ಯಾಜ್ಯವು ಹತ್ತು ವರ್ಷ ನಡೆಯಿತು.

ಆದರೂ ಕಾಟಲನನ್ನು ಸುಮ್ಮನೆ ದೂಷಿಸಿ ಮುಗಿಸಲು ಬರುವುದಿಲ್ಲ. ಅವನು ಪ್ರಕಟಿಸಿದ ಪತ್ರಗಳಲ್ಲಿ ಒಂದು, 1814ರ ಜೂನ್ ತಿಂಗಳಲ್ಲಿ ಕೋಲ್‌ರಿಜ್ ಜೋಸಯಾ ವೇಡ್ ಎಂಬ ಮಿತ್ರನಿಗೆ ಬರೆದುದು. ತನ್ನ ಮರಣಾನಂತರ ತನ್ನ ದುರವಸ್ಥೆಯನ್ನೂ ಅದರ ಕಾರಣವನ್ನೂ ಮುಚ್ಚುಮರೆಯಿಲ್ಲದೆ ಬಹಿರಂಗಪಡಿಸಬೇಕು, ಅದರಿಂದ ಇತರರಿಗೆ ಸ್ವಲ್ಪವಾದರೂ ಒಳ್ಳೆಯದಾಗಲಿ ಎಂದು ಅದರಲ್ಲಿ ಕವಿಯೇ ಬೇಡಿಕೊಂಡಿದ್ದನು. ಪ್ರಕಟಣೆಗೆ ಕಾಟಲ್ ಕೊಟ್ಟ ಸಮರ್ಥನೆ ಇದೇ. ನರಳುವವನು ತನ್ನ ಕಥೆಯಿಂದ ಇತರರು ಎಚ್ಚರಗೊಳ್ಳಲೆಂದು ಬಯಸಿದನು. ಕೇಳಿದವರು ಅದರಿಂದ ಚರ್ಚೆಯ ರುಚಿಯನ್ನು ಪಡೆದರು. ಆ ಹತ್ತು ವರ್ಷಗಳ ಲೇಖನಗಳು ಕೇಳಿದ ಪ್ರಶ್ನೆ ಒಂದೇ: ಈ ಮನುಷ್ಯನಿಗೆ ಸಂಕಲ್ಪಬಲ ಸಾಲದಾಯಿತೇ? ಪ್ರಶ್ನೆಯನ್ನು ಹೀಗೆ ಹಾಕಿದ ಮೇಲೆ ಕೂಲಿಗೂ ಅಂಗಡಿಯ ಕಟ್ಟೆಗೂ ಉತ್ತರದಲ್ಲಿ ಸ್ಥಳವಿಲ್ಲ.

ಮರೆಗೆ ಸರಿದದ್ದು ಮ್ಯಾಂಚೆಸ್ಟರ್ ಒಂದೇ ಅಲ್ಲ. ಬಂಗಾಳ ಬಿಹಾರಗಳ ಅಫೀಮಿನ ಏಕಸ್ವಾಮ್ಯವನ್ನು ಈಸ್ಟ್ ಇಂಡಿಯಾ ಕಂಪನಿಯು 1773ರಿಂದ ತನ್ನ ವಶದಲ್ಲಿಟ್ಟುಕೊಂಡಿತ್ತು. ರೈತನಿಂದ ಗೊತ್ತುಮಾಡಿದ ಬೆಲೆಗೆ ಕೊಂಡ ಅಫೀಮು ಕಲ್ಕತ್ತೆಯಲ್ಲಿ ಹರಾಜಾಗಿ, ಖಾಸಗಿ ವರ್ತಕರ ಹಡಗುಗಳಲ್ಲಿ ಚೀನಕ್ಕೆ ಹೋಗುತ್ತಿತ್ತು. 1839ರಲ್ಲಿ ಲಿನ್ ಝೆಷೂ ಎಂಬ ಚೀನೀ ಅಧಿಕಾರಿಯು 20,000ಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ವಶಪಡಿಸಿಕೊಂಡು ನಾಶಮಾಡಿಸಲು, ಯುದ್ಧ ಹೊತ್ತಿತು. ಅಫೀಮಿನ ಸಂಕಟವನ್ನು ಸ್ವಾನುಭವದಿಂದ ಬಲ್ಲ ಇಂಗ್ಲೆಂಡಿನ ಅತ್ಯಂತ ಪ್ರಸಿದ್ಧ ಸಾಕ್ಷಿ ಆಗ ಏನು ಹೇಳಿದನು? 1840ರ 'ಬ್ಲ್ಯಾಕ್‌ವುಡ್ಸ್' ಪತ್ರಿಕೆಯಲ್ಲಿ ಡಿ ಕ್ವಿನ್ಸಿಯು ಚೀನದ ಮೇಲಿನ ಯುದ್ಧವನ್ನು ಸಮರ್ಥಿಸಿ ಬರೆದನು. ಆ ಯುದ್ಧಕ್ಕೆ ಹೋಗಿದ್ದ ಅವನ ಮಗನೊಬ್ಬನು 1842ರಲ್ಲಿ ಅಲ್ಲಿಯೇ ತೀರಿಕೊಂಡನು.

ಶತಮಾನದ ಉತ್ತರಾರ್ಧದಲ್ಲಿ ಕುತೂಹಲದ ಗುರಿ ಬದಲಾಯಿತು. 1870ರಲ್ಲಿ ಡಿಕನ್ಸ್ ಬರೆಯುತ್ತಿದ್ದು ಅಪೂರ್ಣವಾಗಿ ಉಳಿದ 'ಎಡ್ವಿನ್ ಡ್ರೂಡ್' ಕಾದಂಬರಿಯು ಲಂಡನ್ನಿನ ಅಫೀಮಿನ ಗುಹೆಯೊಂದರಲ್ಲಿ ಆರಂಭವಾಗುತ್ತದೆ; ಅಲ್ಲಿ ಮಲಗಿದವರಲ್ಲಿ ಒಬ್ಬ ಚೀನೀಯನಿದ್ದಾನೆ. ಅಫೀಮು ಪೂರ್ವದೇಶದವರು ತಂದ ಪಿಡುಗೆಂಬ ಭಾವನೆ ಬೇರೂರತೊಡಗಿತು. 1891ರಲ್ಲಿ ಕಾನನ್ ಡಾಯ್ಲ್ ಬರೆದ ಷರ್ಲಾಕ್ ಹೋಮ್ಸ್ ಕಥೆಯೊಂದರಲ್ಲಿ ಮನೆತನಸ್ಥನೊಬ್ಬನು ವ್ಯಸನಿಯಾಗಿರುತ್ತಾನೆ. ಕಾಲೇಜಿನಲ್ಲಿದ್ದಾಗ ಡಿ ಕ್ವಿನ್ಸಿಯನ್ನು ಓದಿ ಕಲಿತ ಚಟವಂತೆ! ಗದ್ಯಪಾಠ ಹೇಳುವ ಅಧ್ಯಾಪಕರು ಇದನ್ನು ಓದಿ ನಗಬಹುದು. ಆದರೆ ತಪ್ಪು ಹಡಗಿನಲ್ಲಿ ಬಂದವನದು, ಇಲ್ಲವೇ ಪುಸ್ತಕ ಬರೆದವನದು, ಗೂಡಿನಲ್ಲಿರುವ ಸೀಸೆಯದಲ್ಲ. ಈ ಜಾಡು ಆ ಶತಮಾನದೊಂದಿಗೆ ಅಳಿಯಲಿಲ್ಲ. 2016ರ ಏಪ್ರಿಲಿನಲ್ಲಿ ಅಮೆರಿಕದ ಗಾಯಕ ಪ್ರಿನ್ಸ್ ಫೆಂಟನಿಲ್ ಎಂಬ ಕೃತಕ ಅಫೀಮುವರ್ಗದ ಔಷಧದಿಂದ ಮೃತನಾದಾಗ ಅವನ ಕೊನೆಯ ದಿನಗಳ ಗುಳಿಗೆಗಳ ಲೆಕ್ಕ ಲೋಕಕ್ಕೆಲ್ಲ ತಲುಪಿತು. ಆ ವರ್ಷ ಆ ದೇಶದಲ್ಲಿ ಅದೇ ವರ್ಗದ ದ್ರವ್ಯಗಳಿಂದ ಸತ್ತವರು 42,000ಕ್ಕೂ ಹೆಚ್ಚು.

ಇನ್ನು ಶಾಸನದ ವಿಷಯ. ಇಂಗ್ಲೆಂಡಿನಲ್ಲಿ ಅಫೀಮಿನ ಮಾರಾಟಕ್ಕೆ ಮೊದಲ ಮಹತ್ತ್ವದ ಕಟ್ಟುಪಾಡು ಬಂದದ್ದು 1868ರ ಫಾರ್ಮಸಿ ಶಾಸನದಿಂದ. ಡಿ ಕ್ವಿನ್ಸಿಯ ಮುನ್ನುಡಿ ಅಚ್ಚಾಗಿ ಆಗ ನಾಲ್ವತ್ತೇಳು ವರ್ಷ ಕಳೆದಿದ್ದವು. ಅರ್ಹತೆ ಪಡೆದ ಔಷಧವ್ಯಾಪಾರಿಗಳು ಮಾತ್ರ ಮಾರಬೇಕು, ಸೀಸೆಯ ಮೇಲೆ ವಿಷವೆಂದು ಬರೆದಿರಬೇಕು, ಮಾರಿದವನ ಹೆಸರೂ ವಿಳಾಸವೂ ಇರಬೇಕು ಎಂದು ಅದು ವಿಧಿಸಿತು. ಪೇಟೆಂಟ್ ಔಷಧಗಳಿಗೆ ವಿನಾಯಿತಿ ದೊರೆಯಿತು. ಕೂಸುಗಳನ್ನು ಮಲಗಿಸುವ ಪಾಕಗಳು ಆ ವಿನಾಯಿತಿಯ ಆಸರೆಯಲ್ಲಿ ಇನ್ನೂ ಹಲವು ವರ್ಷ ಅಂಗಡಿಗಳಲ್ಲಿ ಮಾರಾಟವಾಗುತ್ತಲೇ ಇದ್ದವು.