ಆಟ ಕಟ್ಟಿದ ಅರಸರು



ಹೊಳಲ್ಕೆರೆಯಲ್ಲಿ ನನ್ನ ತರಗತಿಯಲ್ಲಿ ಕುಳಿತು ಇತಿಹಾಸ ಓದಿದ ಶಿಷ್ಯನೊಬ್ಬ ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಆಟಗಳನ್ನು ತಯಾರಿಸುವ ಸಂಸ್ಥೆಯೊಂದರಲ್ಲಿ ಉದ್ಯೋಗಿ. ಯುಗಾದಿಗೆ ಊರಿಗೆ ಬಂದವನು ಮನೆಗೂ ಬಂದು, ಜಪಾನಿನ ಶಿಗೆರು ಮಿಯಾಮೊಟೊ ಎಂಬವರ ವಿಷಯವನ್ನು ಬಹು ಭಕ್ತಿಯಿಂದ ಹೇಳಿದ. 1952ರಲ್ಲಿ ಕ್ಯೋಟೋ ನಗರದ ಸಮೀಪದ ಸೋನೋಬೆ ಎಂಬಲ್ಲಿ ಹುಟ್ಟಿದವರು. 1977ರಲ್ಲಿ ನಿಂಟೆಂಡೊ ಕಂಪನಿ ಸೇರಿದವರು. 1985ರಲ್ಲಿ ಬಂದ 'ಸೂಪರ್ ಮಾರಿಯೊ' ಎಂಬ ಆಟದಿಂದ ಲೋಕದ ಮಕ್ಕಳಿಗೆಲ್ಲ ಪರಿಚಿತರಾದವರು. ಬಾಲ್ಯದಲ್ಲಿ ಊರಿನ ಸುತ್ತಲಿನ ಕಾಡು, ಗುಹೆಗಳಲ್ಲಿ ಅಲೆದ ಅನುಭವವನ್ನೇ ಮುಂದೆ ಇನ್ನೊಂದು ಆಟವಾಗಿ ಕಟ್ಟಿದರಂತೆ. ದುರ್ಗದ ಕೋಟೆಯ ಬಂಡೆಗಳ ಸಂದಿಯಲ್ಲಿ ಕಣ್ಣಾಮುಚ್ಚಾಲೆಯಾಡಿ ಬೆಳೆದ ನಮ್ಮ ಹುಡುಗರಿಗೆ ಇದು ಸುಲಭವಾಗಿ ಅರ್ಥವಾಗುವ ಮಾತು. ಕೊನೆಗೆ ಅವನು ಕೇಳಿದ: "ಸಾರ್, ಆಟ ಕಟ್ಟುವುದನ್ನೇ ಕಾಯಕ ಮಾಡಿಕೊಂಡವರು ನಮ್ಮಲ್ಲಿ ಯಾರೂ ಇರಲಿಲ್ಲವೇ?"

ಇದ್ದರು. ಅವರು ಮೈಸೂರಿನ ಸಿಂಹಾಸನದ ಮೇಲೆ ಕುಳಿತಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ ಬಗ್ಗೆ ಅಂದು ಅವನಿಗೆ ಹೇಳಿದ್ದನ್ನೂ, ಹೇಳಲು ಸಮಯ ಸಾಲದೆ ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಜನನ 1794. ಟಿಪ್ಪು ಸುಲ್ತಾನ್ 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ, ಐದು ವರ್ಷದ ಈ ಬಾಲಕನನ್ನು ಇಂಗ್ಲಿಷರು ಜೂನ್ 30ರಂದು ಪಟ್ಟಕ್ಕೆ ಕೂರಿಸಿದರು. ದಿವಾನ್ ಪೂರ್ಣಯ್ಯನವರು ರಾಜ್ಯವಾಳಿದರು. ಬಾಲಕ ದೊಡ್ಡವನಾಗಿ ಅಧಿಕಾರ ವಹಿಸಿಕೊಂಡ. ನಮ್ಮ ಪಠ್ಯಪುಸ್ತಕಗಳು ಇಷ್ಟನ್ನು ಹೇಳಿ, ಮುಂದಿನ ಸಾಲಿನಲ್ಲೇ 1831ಕ್ಕೆ ನೆಗೆಯುತ್ತಿದ್ದವು. 'ದುರಾಡಳಿತದ ಕಾರಣ ರಾಜ್ಯವನ್ನು ಬ್ರಿಟಿಷರು ವಹಿಸಿಕೊಂಡರು' ಎಂಬ ಒಂದು ವಾಕ್ಯ; ಅದಕ್ಕೆ ಎರಡು ಅಂಕದ ಒಂದು ಪ್ರಶ್ನೆ. ಮುಗಿಯಿತು.

ಆ ಒಂದು ವಾಕ್ಯದ ಒಳಗೆ ನಮ್ಮ ಸೀಮೆಯ ಕಥೆಯೂ ಅಡಗಿದೆ. ಆಗ 'ಶರ್ತಿ' ಎಂಬ ಕಂದಾಯ ಪದ್ಧತಿಯಿತ್ತು. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣ ಕಟ್ಟುವುದಾಗಿ ಕರಾರು ಬರೆದುಕೊಡಬೇಕು. ಕಡಿಮೆ ಬಿದ್ದರೆ ತಾನೇ ತುಂಬಬೇಕು. ಹಾಗೆಂದ ಮೇಲೆ ಅವನು ರೈತನ ಕಣಜಕ್ಕೆ ಕೈ ಹಾಕದೆ ಬಿಡುವನೇ? ಸಹಿಸಿ ಸಹಿಸಿ 1830ರಲ್ಲಿ ನಗರ ಸೀಮೆಯ ರೈತರು ಎದ್ದರು. ಹೊಸದುರ್ಗಕ್ಕೆ ನೆರೆಯಾದ ತರೀಕೆರೆಯ ಪಾಳೆಯಗಾರ ಮನೆತನವೂ ದಂಗೆಯಲ್ಲಿ ಸೇರಿತು. ಹೊನ್ನಾಳಿಯ ಕೋಟೆ ದಂಗೆಕೋರರ ನೆಲೆಯಾಯಿತು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ರಾಜ್ಯದ ಆಡಳಿತವನ್ನು ಮಹಾರಾಜರ ಕೈಯಿಂದ ತೆಗೆದುಕೊಂಡ. ಮುಂದೆ ಕಮಿಷನರರ ಕೈಕೆಳಗೆ ರಾಜ್ಯವನ್ನು ವಿಭಾಗಗಳಾಗಿ ಹಂಚಿದಾಗ ಚಿತ್ರದುರ್ಗವೇ ಒಂದು ವಿಭಾಗದ ಹೆಸರಾಯಿತು.

ಆಗ ಮಹಾರಾಜರಿಗೆ ಮೂವತ್ತೇಳು ವರ್ಷ. ಆ ಬಳಿಕ ಅವರು ಇನ್ನೂ ಮೂವತ್ತೇಳು ವರ್ಷ ಬದುಕಿದರು. ಈ ಎರಡು ಅಂಕಿಗಳ ಮುಂದೆ ನಾನು ಎಷ್ಟೋ ಸಲ ನಿಂತು ಯೋಚಿಸಿದ್ದೇನೆ. ಆಯುಷ್ಯದ ಸರಿಯರ್ಧ! ಅರಮನೆ ಉಂಟು, ದಸರಾ ದರ್ಬಾರು ಉಂಟು, ಬಿರುದಾವಳಿ ಉಂಟು, ಆಳಲು ರಾಜ್ಯವಿಲ್ಲ. ರಾಜ್ಯವನ್ನು ಮರಳಿ ಕೊಡಿರೆಂದು ಕಲ್ಕತ್ತೆಗೂ ಲಂಡನ್ನಿಗೂ ಮನವಿಯ ಮೇಲೆ ಮನವಿ ಕಳುಹಿಸುತ್ತ ಕಾಯುವುದು. ಇಂಥ ಸ್ಥಿತಿಯಲ್ಲಿ ಮನುಷ್ಯ ಏನು ಮಾಡಬಹುದು? ಕುಡಿತಕ್ಕೆ ಬೀಳಬಹುದು, ಮಂಕಾಗಬಹುದು. ಇವರು ವಿದ್ವಾಂಸರನ್ನೂ ಚಿತ್ರಕಾರರನ್ನೂ ಹತ್ತಿರ ಕೂರಿಸಿಕೊಂಡು ಗ್ರಂಥಗಳನ್ನು ಬರೆಯಿಸಿದರು, 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆ ತೆರೆಸಿದರು (ಮಹಾರಾಜಾ ಕಾಲೇಜಿನ ಮೂಲ ಅದೇ), ಆಟಗಳನ್ನು ಕಟ್ಟಿದರು.

ಅವರ ಹೆಸರಿನ 'ಶ್ರೀತತ್ತ್ವನಿಧಿ' ಒಂದು ಬೃಹದ್ಗ್ರಂಥ. ಭಾಷೆ ಸಂಸ್ಕೃತ, ಲಿಪಿ ಕನ್ನಡ, ಪುಟಪುಟಕ್ಕೂ ವರ್ಣಚಿತ್ರ. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಎಂದು ಮೊದಲಾಗಿ ಒಂಬತ್ತು ನಿಧಿಗಳು. ದೇವತೆಗಳು, ಗ್ರಹಗಳು, ಆಗಮಗಳು ಎಲ್ಲ ಮುಗಿದ ಮೇಲೆ ಒಂಬತ್ತನೆಯದಾಗಿ 'ಕೌತುಕನಿಧಿ'. ನೂರ ಇಪ್ಪತ್ತೆರಡು ಯೋಗಾಸನಗಳ ಚಿತ್ರಗಳಿರುವುದೂ ಇದರಲ್ಲೇ. ಅವು 1996ರಲ್ಲಿ ಇಂಗ್ಲಿಷ್ ಪುಸ್ತಕವೊಂದರಲ್ಲಿ ಅಚ್ಚಾಗಿ ಯೋಗಾಭ್ಯಾಸಿಗಳ ಗಮನ ಸೆಳೆದವು. ಅದೇ ನಿಧಿಯಲ್ಲಿರುವ ಎಲೆಯಾಟಗಳಿಗೆ ಅಷ್ಟು ಭಾಗ್ಯ ಬರಲಿಲ್ಲ.

ಎಲೆಯಾಟವೆಂದರೆ ಗಂಜೀಫಾ. ಪರ್ಷಿಯಾ ಕಡೆಯಿಂದ ಮೊಗಲರ ಜೊತೆ ನಮ್ಮ ದೇಶಕ್ಕೆ ಬಂದದ್ದು. ಬಾಬರನು 1527ರಲ್ಲಿ ಸಿಂಧ್ ಪ್ರಾಂತ್ಯದ ತನ್ನ ಮಿತ್ರನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಉಲ್ಲೇಖ ಅವನ ಆತ್ಮಕಥೆಯಲ್ಲಿದೆ. ಮೊಗಲ್ ಕಟ್ಟಿನಲ್ಲಿ ಎಂಟು ಪಂಗಡ, ತೊಂಬತ್ತಾರು ಎಲೆ. ಇದೇ ಹಿಂದೂಗಳ ಕೈಯಲ್ಲಿ ದಶಾವತಾರವಾಗಿ ಹತ್ತು ಪಂಗಡ, ನೂರ ಇಪ್ಪತ್ತು ಎಲೆಯಾಯಿತು. ಎರಡರಲ್ಲೂ ಪಂಗಡಕ್ಕೆ ಹನ್ನೆರಡು ಎಲೆ: ರಾಜ, ಮಂತ್ರಿ, ಒಂದರಿಂದ ಹತ್ತು.

ಇನ್ನೊಬ್ಬರಾಗಿದ್ದರೆ ಈ ಎಲೆಗಳ ಮೇಲೆ ಚಿನ್ನದ ಬಣ್ಣ ಹಚ್ಚಿಸಿ ತೃಪ್ತಿಪಡುತ್ತಿದ್ದರು. ಮುಮ್ಮಡಿಯವರು ಆಟದ ಮೂಳೆಯನ್ನೇ ಬದಲಿಸಿದರು. ಅವರ ಎಲೆಯಾಟಗಳಿಗೆ 'ಛದ' ಎಂದು ಹೆಸರು. ಕೌತುಕನಿಧಿಯಲ್ಲಿ ಹದಿಮೂರು ಬಗೆಗಳಿವೆ. ಪಂಗಡಕ್ಕೆ ಹನ್ನೆರಡರ ಬದಲು ಹದಿನೆಂಟು ಎಲೆಗಳನ್ನಿಟ್ಟರು: ಅಂಕಿಯ ಎಲೆಗಳು ಹನ್ನೆರಡು, ರಾಜಪರಿವಾರದವು ಆರು. ಚಿಕ್ಕ ಕಟ್ಟಿನಲ್ಲಿ ನಾಲ್ಕು ಪಂಗಡ, 72 ಎಲೆ. ನವಗ್ರಹದ ಕಟ್ಟಿನಲ್ಲಿ ಹನ್ನೆರಡು ಪಂಗಡ, 216 ಎಲೆ. ಅತಿ ದೊಡ್ಡ ಕಟ್ಟಿನಲ್ಲಿ 360 ಎಲೆಗಳು! ಇಸ್ಪೀಟಿನ ಐವತ್ತೆರಡು ಎಲೆಗಳಲ್ಲಿ ಯಾವುದು ಬಿತ್ತು, ಯಾವುದು ಉಳಿಯಿತು ಎಂದು ನೆನಪಿಡುವುದೇ ನಮಗೆ ಕಷ್ಟ. ಮುನ್ನೂರ ಅರವತ್ತನ್ನು ಮನಸ್ಸಿನಲ್ಲಿಟ್ಟು ಆಡಬೇಕೆಂದರೆ ಅದೊಂದು ಅವಧಾನವೇ ಸರಿ. ಒಂದೊಂದು ಪಂಗಡದ ಅಧಿಪತಿ ಯಾವ ದೇವತೆ, ವಾಹನ ಯಾವುದು, ಆಯುಧ ಯಾವುದು ಎಂಬುದೆಲ್ಲ ಆಟದೊಳಗೇ ಬರುತ್ತದೆ. ಹಾಗೆ ನೋಡಿದರೆ, ಗ್ರಂಥದ ಮೊದಲ ಎಂಟು ನಿಧಿಗಳನ್ನು ಆಡುತ್ತ ಕಲಿಸುವ ಉಪಾಯವೇ ಈ ಒಂಬತ್ತನೆಯ ನಿಧಿ ಎಂದು ನನ್ನ ಊಹೆ. ಮೇಷ್ಟರ ಬುದ್ಧಿಗೆ ಹಾಗೆ ತೋರುವುದು ಸಹಜವೆಂದು ನೀವು ನಗಬಹುದು.

ಚದುರಂಗದಲ್ಲೂ ಅವರ ಕೈ ಆಡಿತು. ಕುದುರೆಯೊಂದನ್ನೇ ಮಣೆಯ ಮೇಲಿಟ್ಟು, ಅದರ ಎರಡೂವರೆ ಮನೆಯ ನಡೆಯಲ್ಲೇ ಅರವತ್ತನಾಲ್ಕು ಮನೆಗಳನ್ನೂ, ಯಾವುದನ್ನೂ ಎರಡನೆಯ ಸಲ ಮುಟ್ಟದೆ, ಸುತ್ತಿಸಿ ಬರುವ ಒಗಟು ನಿಮಗೆ ಗೊತ್ತಿರಬಹುದು. ಒಂಬತ್ತನೆಯ ಶತಮಾನದ ಆಲಂಕಾರಿಕ ರುದ್ರಟನು ಇದನ್ನು ಶ್ಲೋಕಬಂಧವಾಗಿ ಮಾಡಿದ್ದ. ಯೂರೋಪಿನಲ್ಲಿ ಗಣಿತಜ್ಞ ಆಯ್ಲರ್ 1759ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದ. ಅದೇ ಒಗಟಿಗೆ ಮೈಸೂರಿನ ಅರಮನೆಯಲ್ಲಿ ಹೊಸ ಹೊಸ ಬಿಡಿಸುವಿಕೆಗಳು ಹುಟ್ಟಿದವು. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಅವರ ಆಟದ ಹಾಸುಗಳನ್ನು ಬರೆಯಿಸಿದ್ದಾರೆ.

ಇನ್ನು ಕಹಿ ಮಾತು. ಅಂದಿನ ಇಂಗ್ಲಿಷ್ ಅಧಿಕಾರಿಗಳ ಕಣ್ಣಿಗೆ ಇವರು ದುಂದುಗಾರ, ವಿಲಾಸಿ. ನಮ್ಮವರಲ್ಲಿ ಕೆಲವರು ಇದಕ್ಕೆ ಉತ್ತರವಾಗಿ ಅವರನ್ನು ದೋಷವೇ ಇಲ್ಲದ ಪುಣ್ಯಪುರುಷರನ್ನಾಗಿ ಮಾಡುತ್ತಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ. ಶರ್ತಿಯ ಅಮಲ್ದಾರನಿಗೆ ಎತ್ತು ಮಾರಿಕೊಂಡ ರೈತನ ಮುಂದೆ ನಿಂತು ಅರಸರ ಕಲಾಭಿರುಚಿಯನ್ನು ಹೊಗಳಲು ನನ್ನ ನಾಲಗೆ ಏಳದು. ಆದರೆ ರಾಜ್ಯಭಾರದ ತಪ್ಪು ಬೇರೆ, ಈ ಕೆಲಸದ ಬೆಲೆ ಬೇರೆ. ಹೊತ್ತು ಕಳೆಯಲು ಆಡುವವನಿಗೆ ಇದ್ದ ಆಟವೇ ಸಾಕು. ಹದಿಮೂರು ಆಟಗಳಿಗೆ ಎಲೆಯ ಲೆಕ್ಕ ಹಾಕಿ, ಧ್ಯಾನಶ್ಲೋಕ ಹುಡುಕಿಸಿ, ಚಿತ್ರ ಬರೆಯಿಸಿ, ನಿಯಮ ಬರೆದಿಡುವವನು ವಿಲಾಸಿಯಲ್ಲ, ಕೆಲಸಗಾರ.

ಆದರೂ ಆ ಆಟಗಳು ಉಳಿಯಲಿಲ್ಲ. ಇದಕ್ಕೆ ಕಾರಣ ಹುಡುಕುವಾಗ ಮತ್ತೆ ಜಪಾನು ನೆನಪಾಗುತ್ತದೆ. ಮಿಯಾಮೊಟೊ ಸೇರಿದ ನಿಂಟೆಂಡೊ ಕಂಪನಿ 1889ರಲ್ಲಿ ಕ್ಯೋಟೋದಲ್ಲಿ ಆರಂಭವಾದಾಗ ಮಾಡುತ್ತಿದ್ದುದು ಎಲೆಯಾಟದ ಎಲೆಗಳನ್ನೇ! ಹನಾಫುಡ ಎಂಬ ಹೂವಿನ ಎಲೆಗಳು. ಹನ್ನೆರಡು ತಿಂಗಳಿಗೆ ನಾಲ್ಕರಂತೆ ಒಟ್ಟು 48. ಅಲ್ಲಿ ಎಲೆ ಕಾರ್ಖಾನೆಯಲ್ಲಿ ತಯಾರಾಗಿ ಅಂಗಡಿಗೆ ಹೋಯಿತು, ಜನರ ಕೈಗೆ ಬಂತು. ಇಲ್ಲಿ ಒಂದೊಂದು ಎಲೆಯನ್ನೂ ಚಿತ್ರಕಾರ ಕೈಯಿಂದ ಬರೆಯಬೇಕು, 360 ಬರೆದರೆ ಒಂದು ಕಟ್ಟು. ಅಂಥದ್ದು ಎಷ್ಟು ಮನೆ ಸೇರೀತು? 1868ರ ಮಾರ್ಚ್ 27ರಂದು ಮಹಾರಾಜರು ತೀರಿಕೊಂಡರು. ಅವರು ಕಾದ ರಾಜ್ಯ 1881ರಲ್ಲಿ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂತು. (ಹಿರಿಯೂರಿನ ನಮ್ಮ ಮಾರಿಕಣಿವೆ ಅಣೆಕಟ್ಟಿಗೆ ಹೆಸರು ಕೊಟ್ಟ ವಾಣಿವಿಲಾಸ ಸನ್ನಿಧಾನದವರು ಇದೇ ಚಾಮರಾಜೇಂದ್ರರ ಪತ್ನಿ, ಅಂದರೆ ಮುಮ್ಮಡಿಯವರ ಸೊಸೆ.) ಛದದ ಆಟಗಳು ಮಾತ್ರ ಜನರ ಆಟಗಳಾಗದೆ ಹೋದವು. ಈಚಿನ ದಶಕಗಳಲ್ಲಿ ಶ್ರೀರಂಗಪಟ್ಟಣದ ಗಂಜೀಫಾ ರಘುಪತಿ ಭಟ್ಟರು ಆ ಚಿತ್ರಕಲೆಗೆ ಮತ್ತೆ ಜೀವ ತುಂಬಿದರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾಕೌಶಲ್ಯ' ಪ್ರದರ್ಶನಗಳಲ್ಲಿ ಹಳೆಯ ಆಟದ ಮಣೆ, ಹಾಸುಗಳನ್ನು ಜನರ ಮುಂದಿಟ್ಟರು. ಎಲೆ ನೋಡಿ ಮೆಚ್ಚುವವರು ಸಿಗುತ್ತಾರೆ, ಕೂತು ಆಡುವವರು ವಿರಳ.

ಉಳಿದದ್ದು ನಮ್ಮ ಚೌಕಾಬಾರ. ಅದಕ್ಕೆ ಅರಸನಿಲ್ಲ, ಗ್ರಂಥವಿಲ್ಲ, ಚಿತ್ರಕಾರನಿಲ್ಲ. ಇದ್ದಿಲ ಚೂರಿನಿಂದ ಜಗಲಿಯ ಮೇಲೆ ಐದೈದು ಇಪ್ಪತ್ತೈದು ಮನೆ ಬರೆದು, ಕಟ್ಟೆಮನೆಗಳಿಗೆ ಅಡ್ಡಗೀಟು ಎಳೆದರೆ ಹಾಸು ಸಿದ್ಧ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೇಬೀಜಗಳನ್ನು ಕಲ್ಲಿಗೆ ತೇದು ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಂಡರಾಯಿತು. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಎಂಟು. ಕಾಯಿಗೆ ಬಳೆಚೂರು, ಕಡ್ಡಿ, ಕಲ್ಲು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮವನ್ನು ಮೊದಲು ಮಾಡಿದ ಪುಣ್ಯಾತ್ಮ ಯಾರೋ, ಅವನಿಗೆ ಮನುಷ್ಯಸ್ವಭಾವ ಚೆನ್ನಾಗಿ ಗೊತ್ತಿತ್ತು. ಹುಲಿಕುರಿಯ ಆಟವನ್ನೇ ನೋಡಿ: ಹುಲಿ ಮೂರು, ಕುರಿ ಹದಿನೈದು, ಹುಲಿಗೆ ಹಾರಿ ಕೊಲ್ಲುವ ಬಲ, ಕುರಿಗೆ ಒಟ್ಟಾಗಿ ಸುತ್ತುಗಟ್ಟುವ ಬಲ. ಗೀಟೆಳೆಯಲು ಚಪ್ಪಟೆ ಬಂಡೆಯೊಂದಿದ್ದರೆ ಸಾಕು, ಕುರಿ ಕಾಯುವ ಹುಡುಗರು ಬಿಸಿಲು ಇಳಿಯುವತನಕ ಆಡುತ್ತಿದ್ದರು.

ಇದನ್ನೆಲ್ಲ ಕೇಳಿ ನನ್ನ ಶಿಷ್ಯ ಬೆಂಗಳೂರಿಗೆ ಹಿಂದಿರುಗುವ ಮುನ್ನ ಮೈಸೂರಿಗೆ ಹೋಗಿ, ಜಗನ್ಮೋಹನ ಅರಮನೆಯ ಗೋಡೆಯ ಹಾಸುಗಳನ್ನು ನೋಡಿ ಬರುವೆನೆಂದ. 72 ಎಲೆಗಳ ಚಿಕ್ಕ ಛದವನ್ನು ಕಂಪ್ಯೂಟರಿಗೆ ತರಬಹುದೇ ಎಂದು ನಾನು ಕೇಳಿದೆ. "ಚಿತ್ರ ಬರೆಯುವುದು ಕಷ್ಟವಲ್ಲ ಸಾರ್. ಮೊದಲು ಆಡುವುದು ಹೇಗೆಂದು ಗೊತ್ತಾಗಬೇಕು, ಆ ಸಂಸ್ಕೃತವನ್ನು ಯಾರಾದರೂ ಕೂತು ಬಿಡಿಸಿ ಹೇಳಬೇಕು" ಎಂದ. ನಿಮ್ಮಲ್ಲಿ ಸಂಸ್ಕೃತ ಓದಿದವರು ನಾಲ್ಕಾರು ಮಂದಿ ಇದ್ದೀರಿ. ಬಿಡುವಿದ್ದವರು ಅವನಿಗೆ ತಿಳಿಸಿರಿ.