ಬಸಿರು, ಕೀಲುನೋವು ಮತ್ತು ಡಾಕ್ಟರ್ ಹೆಂಚ್

ಸಂಧಿವಾತ ಅಂದರೆ ಮುದುಕರ ಕಾಯಿಲೆ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ರುಮಟಾಯ್ಡ್ ಸಂಧಿವಾತದ ಮಟ್ಟಿಗೆ ಅದು ಸರಿಯಲ್ಲ. ಗಂಡಸರಿಗಿಂತ ಹೆಂಗಸರಿಗೆ ಎರಡು-ಮೂರು ಪಟ್ಟು ಹೆಚ್ಚು. ಎಷ್ಟೋ ಜನಕ್ಕೆ ಮದುವೆ, ಮಕ್ಕಳು ಅನ್ನುವ ವಯಸ್ಸಿನಲ್ಲೇ ಶುರು. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ನೋಡುವವನು, ವೈದ್ಯನಲ್ಲ. ಆದರೂ ಈ ಕಾಯಿಲೆಯ ಚರಿತ್ರೆಯಲ್ಲಿ ಬಸುರಿಯರ ಪಾತ್ರ ಓದಿದ ಮೇಲೆ ನಿಮಗೆ ಹೇಳದೆ ಇರಲಾಗಲಿಲ್ಲ.

ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರಿದ್ದರು. 1929ರಲ್ಲಿ ಅವರ ರೋಗಿಯೊಬ್ಬರು (ಅವರೂ ವೈದ್ಯರೇ, ವಯಸ್ಸು 65) ಕಾಮಾಲೆ ಬಂದ ಕೂಡಲೇ ಕೀಲುನೋವು ಹೋಯಿತು ಅಂದರು. ಹೆಂಚ್ ಅದನ್ನು ಹಗುರವಾಗಿ ತೆಗೆದುಕೊಳ್ಳದೆ, ಅಂಥ ರೋಗಿಗಳನ್ನು ಗುರುತು ಹಾಕಿಕೊಳ್ಳುತ್ತಾ ಹೋದರು. ಬಸುರಿಯರಲ್ಲೂ ಅದೇ ಕಂಡಿತು. ತಿಂಗಳು ತುಂಬುತ್ತಾ ಬಂದಂತೆ ಊತ ಇಳಿಯುತ್ತಿತ್ತು. ಹೆರಿಗೆಯಾದ ಮೇಲೆ ನೋವು ಬಡ್ಡಿ ಸಮೇತ ವಾಪಸ್! 1938ರಲ್ಲಿ ಇದನ್ನು ಪ್ರಕಟಿಸಿದರು. ಆ ತಾಯಂದಿರಿಗೆ ಇದೇನೂ ಹೊಸ ಸುದ್ದಿಯಲ್ಲ ಬಿಡಿ, ಕೇಳಿಸಿಕೊಳ್ಳುವವರು ಬೇಕಿತ್ತು.

ಹೆಂಚ್ ಅವರ ತರ್ಕ ನನಗೆ ಬಹಳ ಹಿಡಿಸಿತು. ಕಾಮಾಲೆ ಗಂಡಸಿಗೂ ಬರುತ್ತದೆ, ಬಸಿರು ಹೆಣ್ಣಿಗೆ ಮಾತ್ರ. ಹಾಗಾದರೆ ನೋವು ಇಳಿಸುವ ವಸ್ತು ಬರೀ ಪಿತ್ತವೂ ಅಲ್ಲ, ಬರೀ ಹೆಣ್ಣಿನ ಹಾರ್ಮೋನೂ ಅಲ್ಲ; ಇಬ್ಬರ ಮೈಯಲ್ಲೂ ಇರುವ ಇನ್ನೇನೋ. ಅದನ್ನು 'ಎಕ್ಸ್' ಅಂತ ಕರೆದರು. ಸಹೋದ್ಯೋಗಿ ಎಡ್ವರ್ಡ್ ಕೆಂಡಾಲ್ ಅಡ್ರಿನಲ್ ಗ್ರಂಥಿಯಿಂದ ಬೇರ್ಪಡಿಸಿದ್ದ 'ಕಾಂಪೌಂಡ್ ಇ' ಅದೇ ಇರಬಹುದೇ ಎಂಬ ಗುಮಾನಿ 1941ರಲ್ಲೇ ಇತ್ತು. ಕೈಗೆ ಸಿಕ್ಕಿದ್ದು 1948ರ ಸೆಪ್ಟೆಂಬರಿನಲ್ಲಿ. ಮೊದಲ ಇಂಜೆಕ್ಷನ್ 29 ವರ್ಷದ ಹೆಣ್ಣುಮಗಳಿಗೆ. ಹಾಸಿಗೆಯಲ್ಲಿ ಹೊರಳಲೂ ಕಷ್ಟಪಡುತ್ತಿದ್ದವರು ವಾರದೊಳಗೆ ಪೇಟೆ ಸುತ್ತಿ ಬಂದರು. ಅದೇ ಕಾರ್ಟಿಸೋನ್. 1950ರಲ್ಲಿ ನೊಬೆಲ್ ಬಂತು, ದೊಡ್ಡ ಡೋಸಿನ ದುಷ್ಪರಿಣಾಮಗಳೂ ಬೇಗನೇ ಬಂದವು. (ಬಸಿರಿನಲ್ಲಿ ಎಲ್ಲರಿಗೂ ನೋವು ಇಳಿಯುವುದಿಲ್ಲ, ಇಳಿಯುವುದಕ್ಕೂ ಇದೊಂದೇ ಕಾರಣವಲ್ಲ ಅಂತ ಆಮೇಲೆ ತಿಳಿಯಿತು.)

ಹೈದರಾಬಾದಿನಲ್ಲಿ ಮೂವತ್ತು ವರ್ಷ ಕಳೆದ ನಾನು ಇಲ್ಲಿ ಇನ್ನೊಬ್ಬರನ್ನು ನೆನೆಯಲೇಬೇಕು, ಭೀಮವರಂನ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಲೆಡರ್ಲೆಯಲ್ಲಿ ಅವರ ತಂಡ ಫೋಲಿಕ್ ಆಮ್ಲದ ಬೆನ್ನು ಹತ್ತಿದ್ದರಿಂದ ಮೆಥೊಟ್ರೆಕ್ಸೇಟ್ ಹುಟ್ಟಿತು, ಕ್ಯಾನ್ಸರಿಗೆಂದು. ಹೆಂಚ್ ಅವರ ಮೊದಲ ಇಂಜೆಕ್ಷನ್ನಿಗೆ ಸುಮಾರು ಒಂದೂವರೆ ತಿಂಗಳ ಮುಂಚೆ ಸುಬ್ಬರಾವ್ ತೀರಿಕೊಂಡಿದ್ದರು. 1988ರಲ್ಲಿ ಅಮೆರಿಕ ಅದನ್ನು ಸಂಧಿವಾತಕ್ಕೂ ಒಪ್ಪಿತು. ಕೀಲು ಉಳಿಸುವ ಈ ಮಾತ್ರೆ ಭ್ರೂಣಕ್ಕೆ ಮಾತ್ರ ವಿಷ. ಗರ್ಭಕ್ಕೆ ಒಂದರಿಂದ ಮೂರು ತಿಂಗಳು ಮೊದಲೇ ನಿಲ್ಲಿಸಬೇಕು, ಅಲ್ಲಿಯವರೆಗೆ ಗರ್ಭನಿರೋಧಕ ಬೇಕೇ ಬೇಕು.

ಲೂಪಸ್ ಚರಿತ್ರೆ ಇನ್ನೂ ಕಠಿಣ. ನಮ್ಮ ಸಂಬಂಧದ ಹೆಣ್ಣುಮಗಳೊಬ್ಬಳಿಗೆ ಎಂಬತ್ತರ ದಶಕದಲ್ಲಿ ವೈದ್ಯರೊಬ್ಬರು "ಮಗುವಿನ ಆಸೆ ಬಿಡಮ್ಮ" ಅಂದುಬಿಟ್ಟರು. ಆಕೆ ಬಿಟ್ಟಳು. ಆಗ ಅದೇ ರೂಢಿಯ ಮಾತು. ಅದೇ ದಶಕದಲ್ಲಿ, 1983ರಲ್ಲಿ, ಲಂಡನ್ನಿನ ಗ್ರಹಾಂ ಹ್ಯೂಸ್, ಕೆಲವರಲ್ಲಿ ಮತ್ತೆ ಮತ್ತೆ ಗರ್ಭಪಾತವಾಗುವುದಕ್ಕೂ ರಕ್ತದ ಒಂದು ಪ್ರತಿಕಾಯಕ್ಕೂ ಇರುವ ನಂಟನ್ನು ವಿವರಿಸಿದ್ದರು. ಅಂಥವರಿಗೆ ಕಡಿಮೆ ಡೋಸಿನ ಆಸ್ಪಿರಿನ್, ಹೆಪಾರಿನ್ ಕೊಡುವ ಪದ್ಧತಿ ಮುಂದೆ ಬಂತು. ಈಗ ಕಾಯಿಲೆ ಆರು ತಿಂಗಳಾದರೂ ಹತೋಟಿಯಲ್ಲಿದ್ದರೆ ಬಹುತೇಕರಿಗೆ ದಾರಿಯಿದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಬಸಿರಿನಲ್ಲೂ ಮುಂದುವರಿಸಿ ಅನ್ನುತ್ತಾರೆ. ಹೆದರಿ ಅದನ್ನೂ ತಾವೇ ನಿಲ್ಲಿಸಿ ಕಾಯಿಲೆ ಕೆರಳಿಸಿಕೊಳ್ಳುವವರು ಇನ್ನೂ ಇದ್ದಾರೆ. ಮನೆಯಲ್ಲಿ ಅಂಥ ಮಗಳೋ ಸೊಸೆಯೋ ಇದ್ದರೆ, ಮಾತ್ರೆ ಮುಟ್ಟುವ ಮೊದಲು ರುಮಟಾಲಜಿಸ್ಟನ್ನೂ ಹೆರಿಗೆ ಡಾಕ್ಟರನ್ನೂ ಒಟ್ಟಿಗೆ ಕೇಳಲಿ. ಬಾಣಂತನದಲ್ಲಿ ನೋವು ಮರುಕಳಿಸಿದಾಗ ಮಗುವನ್ನು ಎತ್ತಿಕೊಳ್ಳಲು ಯಾರಿರುತ್ತಾರೆ ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ.