ಬಾವಿಗಳ ಬಲದ ಮೇಲೆ ನಿಂತ ಬಿಜಾಪುರ

ಮಲ್ಲೇಶ್ವರದ ಅಂಚಿನ ಸ್ಯಾಂಕಿ ಕೆರೆಯನ್ನು 1882ರಲ್ಲಿ ಕಟ್ಟಿಸಿದ್ದು ವಾಯುವಿಹಾರಕ್ಕಲ್ಲ, ಊರಿನ ನೀರಿನ ಕೊರತೆ ನೀಗಿಸಲು. ಪಕ್ಕದಲ್ಲಿ ಹೊಳೆಯಿಲ್ಲದ ಊರು ದೊಡ್ಡದಾಗಬೇಕಾದರೆ ಮೊದಲು ನೀರಿನ ಲೆಕ್ಕ ಹಾಕಲೇಬೇಕು. ಸ್ಯಾಂಕಿ ಕೆರೆಗಿಂತ ಮುನ್ನೂರು ವರ್ಷ ಮೊದಲೇ, ಇನ್ನೂ ಒಣಗಿದ ನೆಲದಲ್ಲಿ, ಆ ಲೆಕ್ಕ ಹಾಕಿದ ಊರೊಂದು ನಮ್ಮ ನಾಡಿನಲ್ಲೇ ಇದೆ. ಅದು ಬಿಜಾಪುರ, 2014ರ ನವೆಂಬರ್ 1ರಿಂದ ಅಧಿಕೃತವಾಗಿ ವಿಜಯಪುರ.

ರಾಜಸ್ಥಾನದ ಜೈಸಲ್ಮೇರಿನಂತಹ ಮರಳುಗಾಡಿನ ನಗರ ಕರ್ನಾಟಕದಲ್ಲಿಲ್ಲ. ಆದರೆ ಬರ ಮತ್ತು ಬಿಸಿಲು ಒಂದು ಊರಿನ ಕಟ್ಟಡ, ಊಟ, ಬದುಕನ್ನೆಲ್ಲ ಹೇಗೆ ರೂಪಿಸುತ್ತವೆ ಎಂಬುದನ್ನು ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಕೃಷ್ಣೆ ಮತ್ತು ಭೀಮೆ ಜಿಲ್ಲೆಯ ಎರಡು ಅಂಚುಗಳಲ್ಲಿ ಹರಿಯುತ್ತವೆ; ನಡುವೆ ಇರುವ ಊರಿಗೆ ಅವುಗಳಿಂದ ಹಿಂದೆ ದಕ್ಕಿದ ನೀರು ಶೂನ್ಯ.

ಕಲ್ಯಾಣದ ಚಾಲುಕ್ಯರ ಕಾಲದಲ್ಲೇ ಇದ್ದ ಈ ಊರು 15ನೇ ಶತಮಾನದ ಕೊನೆಯಲ್ಲಿ ಆದಿಲ್‌ಶಾಹಿಗಳ ರಾಜಧಾನಿಯಾಯಿತು. 1565ರಲ್ಲಿ ವಿಜಯನಗರದ ಪತನವಾದ ಮೇಲೆ ಸಂಪತ್ತು ಹರಿದುಬಂತು, ಜನವೂ ಬಂದರು. ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆಯ ಕೋಟೆಯೊಳಗೆ ಸೈನಿಕರು, ವ್ಯಾಪಾರಿಗಳು, ಕುಶಲಕರ್ಮಿಗಳು, ಆನೆ, ಕುದುರೆ ಎಲ್ಲರಿಗೂ ನೀರು ಬೇಕಾಯಿತು. ಒಂದನೇ ಅಲಿ ಆದಿಲ್‌ಶಾಹ 1579ರಲ್ಲಿ ಚಾಂದ್ ಬಾವಡಿ ಕಟ್ಟಿಸಿದ. ಅದಕ್ಕೆ ಅವನ ಪತ್ನಿ ಚಾಂದ್ ಬೀಬಿಯ ಹೆಸರು. ಎರಡನೇ ಇಬ್ರಾಹಿಮನ ಕಾಲದಲ್ಲಿ, 1620ರಲ್ಲಿ, ಅವನ ರಾಣಿ ತಾಜ್ ಸುಲ್ತಾನಾಳ ಹೆಸರಿನ ತಾಜ್ ಬಾವಡಿ ಎದ್ದಿತು. ಇದರ ಒಂದೊಂದು ಬದಿಯೂ ಸುಮಾರು 220 ಅಡಿ. ಬಾವಿ ಎನ್ನುವುದಕ್ಕಿಂತ ಕಲ್ಲಿನ ಕೆರೆ ಎನ್ನುವುದೇ ಸರಿ.

ಇವೆರಡೂ ಕಣ್ಣಿಗೆ ಕಾಣುವಂಥವು. ನಿಜವಾದ ಜಾಣ್ಮೆ ನೆಲದಡಿಯಲ್ಲಿತ್ತು. ಊರಿನ ಪಶ್ಚಿಮಕ್ಕಿರುವ ತೊರವಿಯ ಬಳಿ ಅಂತರ್ಜಲವನ್ನು ಸಂಗ್ರಹಿಸಿ, ಸುರಂಗದ ಮೂಲಕ ಕೋಟೆಯೊಳಕ್ಕೆ ಹರಿಸಲಾಗುತ್ತಿತ್ತು. ಇರಾನಿನಲ್ಲಿ ರೂಢಿಯಲ್ಲಿದ್ದ ಈ ಪದ್ಧತಿಗೆ ಕರೇಜ್ ಎಂದು ಹೆಸರು. ಸುರಂಗದುದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಕಂಡಿಗಳು. ಗಾಳಿಯಾಡಲು ಮತ್ತು ಹೂಳು ತೆಗೆಯಲು. ನೀರು ಇಳಿಜಾರಿನ ಬಲದಿಂದಲೇ ಹರಿಯುತ್ತಿತ್ತು, ನೆಲದಡಿ ಇದ್ದುದರಿಂದ ಬಿಸಿಲಿಗೆ ಆವಿಯಾಗುತ್ತಿರಲಿಲ್ಲ.

1651ರಲ್ಲಿ ಮಹಮ್ಮದ್ ಆದಿಲ್‌ಶಾಹ ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ಒತ್ತಡಕ್ಕೆ ಕೊಳವೆ ಒಡೆಯದಂತೆ, ಕೆಸರು ತಳದಲ್ಲಿ ನಿಲ್ಲುವಂತೆ ದಾರಿಯಲ್ಲಿ ಎತ್ತರದ ಗೋಪುರಗಳನ್ನು ಕಟ್ಟಿದ್ದರು. ಇವನ್ನು ಗಂಜ್ ಎನ್ನುತ್ತಾರೆ. ಇದೇ ದೊರೆಯ ಗೋಳಗುಮ್ಮಟವನ್ನು ನೋಡಲು ಹೋಗುವ ಪ್ರವಾಸಿಗರಲ್ಲಿ ಎಷ್ಟು ಮಂದಿ ಈ ಗಂಜ್‌ಗಳ ಕಡೆ ಕಣ್ಣು ಹಾಯಿಸುತ್ತಾರೆ? ಆದರೆ ನೀರಿಲ್ಲದ ಊರಿನಲ್ಲಿ ಆ ಗುಮ್ಮಟ ಏಳುವುದು ಸಾಧ್ಯವಿರಲಿಲ್ಲ.

ನೀರಿನ ಲೆಕ್ಕ ಅಡುಗೆಮನೆಯಲ್ಲೂ ಕಾಣುತ್ತದೆ. ಇಲ್ಲಿನ ಎರೆಭೂಮಿ ಮಳೆಯ ತೇವವನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ಮುಗಿಯುವ ಹೊತ್ತಿಗೆ ಬಿತ್ತಿದ ಹಿಂಗಾರಿ ಬಿಳಿಜೋಳ ಆ ತೇವ ಮತ್ತು ಚಳಿಗಾಲದ ಇಬ್ಬನಿಯನ್ನೇ ನಂಬಿ ತೆನೆ ಕಟ್ಟುತ್ತದೆ. ಕಾಳು ಜನಕ್ಕೆ, ಕಣಿಕೆ ದನಕ್ಕೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಆದ್ದರಿಂದ ಕುದಿಯುವ ನೀರು ಹಾಕಿ ನಾದಿ, ಕೈಯಲ್ಲಿ ಬಡಿದು ರೊಟ್ಟಿ ಮಾಡುತ್ತಾರೆ. ತೆಳ್ಳಗೆ ಬಡಿದು ಒಣಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಎಣ್ಣೆಗಾಯಿ, ಜುಣಕ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ. ಹಸಿ ತರಕಾರಿ ಸಿಗದ ಬೇಸಿಗೆಯಲ್ಲೂ ಚಟ್ನಿಪುಡಿ, ಮೊಸರು, ಉಳ್ಳಾಗಡ್ಡಿ ಇದ್ದರೆ ಊಟ ನಡೆಯುತ್ತದೆ.

ಈ ತಟ್ಟೆಯಲ್ಲಿ ಇತಿಹಾಸದ ಇನ್ನೊಂದು ಗುಟ್ಟೂ ಇದೆ. ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದ ಬೆಳೆಗಳು. 1510ರಲ್ಲಿ ಆದಿಲ್‌ಶಾಹಿಗಳ ಕೈಯಿಂದ ಗೋವೆಯನ್ನು ಕಿತ್ತುಕೊಂಡ ಪೋರ್ಚುಗೀಸರೇ ಮೆಣಸಿನಕಾಯಿಯನ್ನು ಈ ಭಾಗಕ್ಕೆ ತಂದರು. ಅಪ್ಪಟ ದೇಸಿ ಎಂದು ನಾವು ನಂಬಿರುವ ಕೆಂಪು ಖಾರದಲ್ಲಿ ಒಂದು ಸಾಗರದ ಪ್ರಯಾಣವೇ ಅಡಗಿದೆ.

ಆದರೆ ಯಾವ ವ್ಯವಸ್ಥೆಯೂ ತಾನಾಗಿ ನಡೆಯುವುದಿಲ್ಲ. 1686ರ ಸೆಪ್ಟೆಂಬರ್‌ನಲ್ಲಿ ಔರಂಗಜೇಬನಿಗೆ ಕೋಟೆ ಶರಣಾಯಿತು. ಹಿಂದೆಯೇ ಪ್ಲೇಗ್ ಬಂತು, ಜನ ಚದುರಿದರು. ಸುರಂಗದ ಹೂಳು ತೆಗೆಸುವ ಅರಸೊತ್ತಿಗೆ ಇಲ್ಲವಾದಾಗ ನೀರಿನ ದಾರಿಗಳೂ ಮುಚ್ಚುತ್ತ ಬಂದವು. 1876-78ರ ಭೀಕರ ಬರ ಈ ಸೀಮೆಯನ್ನು ತತ್ತರಿಸಿತು. 1885ರಲ್ಲಿ ಬ್ರಿಟಿಷರು ಕಲಾದಗಿಯಿಂದ ಜಿಲ್ಲಾ ಕೇಂದ್ರವನ್ನು ಇಲ್ಲಿಗೆ ತಂದ ಮೇಲೆ ಪಾಳುಬಿದ್ದ ಊರಿಗೆ ಮತ್ತೆ ಜೀವ ಬಂತು.

ಇಂದು ನಲ್ಲಿಗೆ ದೂರದ ಕೃಷ್ಣೆಯ ನೀರು ಬರುತ್ತದೆ. ನಲ್ಲಿ ಬಂದ ಮೇಲೆ ಬಾವಿಗಳು ಬೇಡವಾದವು. ತಾಜ್ ಬಾವಡಿಯೇ ಕಸ ಎಸೆಯುವ, ಗಣಪತಿ ಬಿಡುವ ಜಾಗವಾಗಿತ್ತು. ಕಳೆದ ದಶಕದಲ್ಲಿ ಹೂಳೆತ್ತುವ ಕೆಲಸ ನಡೆದಿದೆ. ತೊರವಿಯ ಸುರಂಗ ಬಾವಡಿ 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಗೆ ಸೇರಿ ಹೊರಗಿನವರ ಗಮನವನ್ನೂ ಸೆಳೆದಿದೆ.

ಇದು ಬಿಜಾಪುರದ ಮಾತಷ್ಟೇ ಅಲ್ಲ. 1974ರಿಂದ ಬೆಂಗಳೂರೂ ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಪಂಪಿನಲ್ಲಿ ಎತ್ತಿ ತರುತ್ತಿದೆ. ತನ್ನ ಕೆರೆಗಳನ್ನು ಒಂದೊಂದಾಗಿ ಮರೆಯಿತು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗಾಗಿ ಪರದಾಡಿದವರಿಗೆ ಆ ಮರೆವಿನ ಬೆಲೆ ಗೊತ್ತು. ಗುಮ್ಮಟ ಕಟ್ಟಿದವನ ಹೆಸರು ಉಳಿಯುತ್ತದೆ, ನಿಜ. ಊರು ಉಳಿಯುವುದು ಮಾತ್ರ ವರ್ಷ ವರ್ಷವೂ ಹೂಳೆತ್ತುವವರಿಂದ.